ಕಂಡಿಯಿಂದ ಹಿಂದಕ್ಕೆ ಎಣಿಸಿ: ಅನ್ನಪೂರ್ಣ ಪ್ರದಕ್ಷಿಣೆಗೆ ಸಿದ್ಧರಾಗುವ ಬಗೆ

ನೇಪಾಳದ ಅನ್ನಪೂರ್ಣ ಪರ್ವತಸ್ತೋಮವನ್ನು ಸುತ್ತಿ ಬರುವ ಚಾರಣವನ್ನು ಕನ್ನಡದಲ್ಲಿ ಅನ್ನಪೂರ್ಣ ಪ್ರದಕ್ಷಿಣೆ ಎಂದು ಕರೆಯುವುದು ಸಹಜವಾದರೂ, ದೇವಸ್ಥಾನದ ಲೆಕ್ಕದಲ್ಲಿ ಅದು ಅಪ್ರದಕ್ಷಿಣೆಯೇ. ಪೂರ್ವದ ಬೇಸಿಸಹರ್‌ನಿಂದ ಹೊರಟು, ಮರ್ಸ್ಯಾಂಗ್ದಿ ನದಿಯ ಜಾಡು ಹಿಡಿದು ಉತ್ತರಕ್ಕೆ ಏರಿ, 5,416 ಮೀಟರ್ ಎತ್ತರದ ಥೊರಾಂಗ್ ಲಾ ದಾಟಿ, ಪಶ್ಚಿಮದ ಕಾಲಿ ಗಂಡಕಿ ಕಣಿವೆಗೆ ಇಳಿದು ದಕ್ಷಿಣಕ್ಕೆ ಮರಳುವುದು ಬಹುತೇಕ ಎಲ್ಲರೂ ಅನುಸರಿಸುವ ಕ್ರಮ. ಪರ್ವತವನ್ನು ಎಡಕ್ಕೆ ಇಟ್ಟುಕೊಂಡು ನಡೆಯುವ ಈ ರೂಢಿಗೆ ಭೂಗೋಳವೇ ಕಾರಣ. ಪೂರ್ವದ ಕಡೆಯಿಂದ ಏರು ನಿಧಾನವಾಗಿದ್ದು, ಪ್ರತಿ ನಾಲ್ಕಾರು ನೂರು ಮೀಟರ್ ಎತ್ತರಕ್ಕೊಂದು ತಂಗುವ ಊರು ಸಿಗುತ್ತದೆ. ಪಶ್ಚಿಮದ ಮುಕ್ತಿನಾಥದಿಂದ ಹೊರಟರೆ ಒಂದೇ ದಿನದಲ್ಲಿ 1,600 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ ಮತ್ತು ನಡುವೆ ನೆಮ್ಮದಿಯಾಗಿ ರಾತ್ರಿ ಕಳೆಯುವಂಥ ಊರುಗಳಿಲ್ಲ.

ಟಿಬೆಟನ್ ಭಾಷೆಯಲ್ಲಿ ‘ಲಾ’ ಎಂದರೆ ಎರಡು ಬೆಟ್ಟಗಳ ನಡುವಿನ ಕಂಡಿ. ಇಡೀ ಚಾರಣದ ಯೋಜನೆ ನಿಲ್ಲುವುದು ಈ ಒಂದು ಕಂಡಿಯ ಮೇಲೆ. ಒಟ್ಟು ದೂರ ಎಷ್ಟು, ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಭಾಗಿಸುವುದರಿಂದ ಲೆಕ್ಕ ಆರಂಭಿಸಿದವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಒಟ್ಟು ದೂರ, ಎಲ್ಲಿ ಜೀಪು ಹತ್ತುತ್ತೀರಿ, ಎಲ್ಲಿ ನಡೆಯುತ್ತೀರಿ ಎಂಬುದಕ್ಕೆ ತಕ್ಕಂತೆ, ಸುಮಾರು 160ರಿಂದ 230 ಕಿಲೋಮೀಟರಿನವರೆಗೆ ಬದಲಾಗುತ್ತದೆ. ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯುವುದು ಆರೋಗ್ಯವಂತರಿಗೆ ಕಷ್ಟವಲ್ಲ. ಕಷ್ಟವಿರುವುದು ರಾತ್ರಿ ಮಲಗುವ ಎತ್ತರದಲ್ಲಿ. ಆದ್ದರಿಂದ ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಕಂಡಿ ದಾಟುವ ದಿನ. ಉಳಿದ ಎಲ್ಲ ರಾತ್ರಿಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ರಾತ್ರಿಗಳನ್ನು ಜೋಡಿಸುವುದು

ಸಮುದ್ರಮಟ್ಟದಿಂದ 3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಎತ್ತರಕ್ಕಿಂತ ಮರುದಿನ ಮಲಗುವ ಎತ್ತರ 500 ಮೀಟರಿಗಿಂತ ಹೆಚ್ಚಾಗಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ಪರ್ವತವೈದ್ಯಶಾಸ್ತ್ರ ಒಪ್ಪಿಕೊಂಡಿರುವ ಸೂತ್ರ. ಹಗಲಿನಲ್ಲಿ ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಗಲು ಎತ್ತರಕ್ಕೆ ಹತ್ತಿ ಸಂಜೆ ತಗ್ಗಿಗೆ ಇಳಿದು ಮಲಗುವುದು ದೇಹಕ್ಕೆ ಒಳ್ಳೆಯದೇ. ಥೊರಾಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಅರ್ಧದಷ್ಟಿರುತ್ತದೆ. ಆ ತೆಳುಗಾಳಿಗೆ ಉಸಿರು, ರಕ್ತ, ಮೂತ್ರಪಿಂಡಗಳು ಒಗ್ಗಿಕೊಳ್ಳಲು ದಿನಗಳೇ ಬೇಕು, ಮತ್ತು ಮನೋಬಲದಿಂದ ಆ ದಿನಗಳನ್ನು ಕಡಿಮೆ ಮಾಡಲು ಬರುವುದಿಲ್ಲ.

ಈ ಸೂತ್ರವನ್ನು ಕಂಡಿಯಿಂದ ಹಿಂದಕ್ಕೆ ಅನ್ವಯಿಸೋಣ. ಕಂಡಿ ದಾಟುವ ಹಿಂದಿನ ರಾತ್ರಿ ಥೊರಾಂಗ್ ಫೇದಿಯಲ್ಲಿ, ಅಂದರೆ ಸುಮಾರು 4,450 ಮೀಟರಿನಲ್ಲಿ ಇರಬೇಕು. ಅದರ ಹಿಂದಿನ ರಾತ್ರಿ ಸುಮಾರು 4,050 ಮೀಟರಿನ ಯಾಕ್ ಖರ್ಕಾ. ಅದಕ್ಕೂ ಹಿಂದೆ 3,540 ಮೀಟರಿನ ಮನಾಂಗ್‌ನಲ್ಲಿ ಕನಿಷ್ಠ ಎರಡು ರಾತ್ರಿ. ಮನಾಂಗ್‌ಗೆ ಮುಂಚೆ 3,660 ಮೀಟರಿನ ಙಾವಲ್, ಅದಕ್ಕೆ ಮುಂಚೆ 3,300 ಮೀಟರಿನ ಮೇಲಿನ ಪಿಸಾಂಗ್, ಅದಕ್ಕೂ ಮುಂಚೆ 2,670 ಮೀಟರಿನ ಚಾಮೆ, ಮೊದಲ ರಾತ್ರಿ 1,860 ಮೀಟರಿನ ಧಾರಾಪಾನಿ. ಹೀಗೆ ಎಂಟು ರಾತ್ರಿಗಳಾದವು. ಒಂಬತ್ತನೆಯ ದಿನ ಕಂಡಿ. ಬೇಸಿಸಹರ್‌ನಿಂದ ಧಾರಾಪಾನಿಯವರೆಗೆ ಜೀಪಿನಲ್ಲಿ ಹೋಗುವುದರಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ, ಏಕೆಂದರೆ ಕೆಳಗಿನ ಭಾಗದಲ್ಲಿ ಬಹಳ ಕಡೆ ವಾಹನಗಳ ಧೂಳಿನ ರಸ್ತೆಯಲ್ಲೇ ನಡೆಯಬೇಕಾಗುತ್ತದೆ.

ಪಿಸಾಂಗ್‌ನಿಂದ ಮನಾಂಗ್‌ಗೆ ಎರಡು ದಾರಿಗಳಿವೆ. ಕೆಳಗಿನದು ನದಿಯ ಬದಿಯಲ್ಲಿ ಸಾಗುವ ಸುಲಭದ ದಾರಿ, ಜೀಪುಗಳೂ ಅಲ್ಲೇ ಓಡುತ್ತವೆ. ಮೇಲಿನದು ಘ್ಯಾರು ಹಳ್ಳಿಗೆ ಕಡಿದಾದ ತಿರುವುಗಳಲ್ಲಿ ಏರಿ, ಅನ್ನಪೂರ್ಣ ಎರಡನೆಯ ಶಿಖರದ ಎದುರಿನ ಗೋಡೆಯಂಥ ಇಳಿಜಾರಿನಲ್ಲಿ ಙಾವಲ್‌ಗೆ ಹೋಗುತ್ತದೆ. ಮೇಲಿನ ದಾರಿಯನ್ನೇ ಹಿಡಿಯಿರಿ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ನೋಟದ ಮಾತು ಒತ್ತಟ್ಟಿಗಿರಲಿ. ಮನಾಂಗ್‌ಗಿಂತ ಎತ್ತರದಲ್ಲಿ ಒಂದು ರಾತ್ರಿ ಕಳೆದು ಮನಾಂಗ್‌ಗೆ ಇಳಿಯುವುದರಿಂದ ಮುಂದಿನ ಏರು ಗಮನಾರ್ಹವಾಗಿ ಹಗುರಾಗುತ್ತದೆ. ವಾಹನದ ರಸ್ತೆಯನ್ನು ತಪ್ಪಿಸುವ ಇಂಥ ಕಾಲುದಾರಿಗಳಿಗೆ ಬಂಡೆ, ಮರ, ಗೋಡೆಗಳ ಮೇಲೆ ಬಣ್ಣದ ಗುರುತು ಹಾಕಿದ್ದಾರೆ. ಕೆಂಪು-ಬಿಳಿ ಪಟ್ಟಿ ಮುಖ್ಯ ಚಾರಣದ ದಾರಿಯದು, ನೀಲಿ-ಬಿಳಿ ಪಟ್ಟಿ ಅದರಿಂದ ಕವಲೊಡೆದ ದಾರಿಗಳದು.

ಮನಾಂಗ್‌ನವರೆಗೂ ಜೀಪು ಹೋಗುವಂತಾದ ಮೇಲೆ ಹೊಸದೊಂದು ಅಪಾಯ ಹುಟ್ಟಿಕೊಂಡಿದೆ. ಬೆಳಿಗ್ಗೆ 760 ಮೀಟರಿನ ಬೇಸಿಸಹರ್‌ನಲ್ಲಿದ್ದವರು ಸಂಜೆಯೊಳಗೆ 3,540 ಮೀಟರಿಗೆ ಏರಿಬಿಡಬಹುದು. ಮೂರು ದಿನ ಉಳಿಯಿತೆಂದು ಹಿಗ್ಗುವವರು, ಆ ಮೂರು ದಿನಗಳನ್ನು ಮನಾಂಗ್‌ನ ಕೊಠಡಿಯಲ್ಲಿ ತಲೆನೋವಿನೊಂದಿಗೆ ಕಳೆಯಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ.

ರಜೆಯ ಲೆಕ್ಕ

ಬೆಂಗಳೂರಿನಿಂದ ಕಠ್ಮಂಡುವಿಗೆ, ಅಲ್ಲಿಂದ ಬಸ್ಸಿನಲ್ಲಿ ಬೇಸಿಸಹರ್‌ಗೆ ಎಂದು ಎರಡು ದಿನ ಹಿಡಿಯಿರಿ. ನಡಿಗೆ ಮತ್ತು ಕಂಡಿಗೆ ಮೇಲೆ ಹೇಳಿದ ಒಂಬತ್ತು ದಿನ. ಮುಕ್ತಿನಾಥದಿಂದ ಪೋಖರಾಕ್ಕೆ ವಾಹನದಲ್ಲಿ ಬರಲು ಎರಡು ದಿನ, ಊರಿಗೆ ಮರಳಲು ಇನ್ನೆರಡು. ಇದಕ್ಕೆ ಎರಡು ಮೀಸಲು ದಿನಗಳನ್ನು ಸೇರಿಸಿದರೆ ಹದಿನೇಳಾಯಿತು. ಪಶ್ಚಿಮದ ಕಣಿವೆಯನ್ನೂ ನಡೆದು, ಘೋಡೇಪಾನಿಯ ಪೂನ್ ಹಿಲ್ ನೋಡಿಕೊಂಡು ಬರುವುದಾದರೆ ಇನ್ನೂ ಐದಾರು ದಿನ ಬೇಕು.

ಹದಿನೇಳು ದಿನ ಎಂದ ಕೂಡಲೇ ಎಲ್ಲರ ಕತ್ತರಿ ಹೋಗುವುದು ಆ ಎರಡು ಮೀಸಲು ದಿನಗಳ ಕಡೆಗೇ. ದಸರೆಯ ರಜೆಗೆ ನಾಲ್ಕು ದಿನ ಸೇರಿಸಿ, ದೀಪಾವಳಿಯ ಹೊತ್ತಿಗೆ ಮನೆ ಸೇರುವಂತೆ ವಾಪಸು ಟಿಕೆಟ್ ಮೊದಲೇ ಕಾದಿರಿಸುವ ಅಭ್ಯಾಸ ನಮ್ಮಲ್ಲಿದೆ. ಬೆಟ್ಟದ ಮೇಲೆ ಹಿಮ ಸುರಿಯತೊಡಗಿದಾಗ, ಅಥವಾ ಜೊತೆಯವರೊಬ್ಬರಿಗೆ ತಲೆನೋವು ಬಿಡದೆ ಕಾಡುವಾಗ, ‘ಇವತ್ತು ದಾಟದಿದ್ದರೆ ವಿಮಾನ ತಪ್ಪುತ್ತದೆ’ ಎಂಬ ಮಾತೇ ನಿರ್ಧಾರ ಮಾಡಿಬಿಡುತ್ತದೆ. ಮೀಸಲು ದಿನಗಳನ್ನು ಕಂಡಿಗೆ ಮುಂಚಿನ ಭಾಗಕ್ಕೆಂದೇ ಇಡಬೇಕು, ಬಳಸದೆ ಉಳಿದರೆ ಪೋಖರಾದ ಫೇವಾ ಕೆರೆಯ ದಂಡೆಯಲ್ಲಿ ಕಾಲು ಚಾಚಿ ಕೂರಬಹುದು. ಕೈಯಲ್ಲಿ ಹನ್ನೆರಡೇ ದಿನಗಳಿದ್ದರೆ ಈ ಸುತ್ತನ್ನು ಕೈಬಿಟ್ಟು, ಸುಮಾರು 4,130 ಮೀಟರಿನಲ್ಲಿರುವ ಅನ್ನಪೂರ್ಣ ಬೇಸ್ ಕ್ಯಾಂಪಿನ ಚಾರಣವನ್ನು ಆಯ್ದುಕೊಳ್ಳುವುದು ವಿವೇಕ.

ಯಾವ ತಿಂಗಳು

ಅಕ್ಟೋಬರ್ ಮತ್ತು ನವೆಂಬರ್ ಎಲ್ಲರ ಆಯ್ಕೆ: ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿರುತ್ತದೆ, ಹಾಗೆಯೇ ಕೊಠಡಿಗಳೂ ಭರ್ತಿಯಾಗಿರುತ್ತವೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಕೆಳಗಿನ ಕಾಡುಗಳಲ್ಲಿ ಲಾಲಿಗುರಾಸ್ ಹೂವು ಕೆಂಪಗೆ ಅರಳುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದು ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನಾಂಗ್ ಮಳೆನೆರಳಿನಲ್ಲಿದ್ದರೂ, ಅಲ್ಲಿಗೆ ತಲುಪಿಸುವ ಮರ್ಸ್ಯಾಂಗ್ದಿ ಕಣಿವೆಯಲ್ಲಿ ಭೂಕುಸಿತ ಮತ್ತು ಜಿಗಣೆಗಳ ಕಾಟವಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಂಡಿಯೇ ಹಿಮದಿಂದ ಮುಚ್ಚಿಹೋಗಬಹುದು.

ಅಕ್ಟೋಬರ್ ಒಳ್ಳೆಯ ತಿಂಗಳು ಎಂಬ ಮಾತನ್ನು ಭರವಸೆಯೆಂದು ತಿಳಿಯಬಾರದು. 2014ರ ಅಕ್ಟೋಬರ್ ಮಧ್ಯದಲ್ಲಿ, ಆಂಧ್ರದ ಕರಾವಳಿಗೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಉಳಿಕೆ ಹಿಮಾಲಯವನ್ನು ತಲುಪಿ, ಥೊರಾಂಗ್ ಲಾ ಸುತ್ತಮುತ್ತ ಹಠಾತ್ತನೆ ಭಾರೀ ಹಿಮ ಸುರಿಯಿತು. ಆ ಹಿಮಬಿರುಗಾಳಿ ಮತ್ತು ಹಿಮಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಚಾರಣಿಗರಷ್ಟೇ ಅಲ್ಲದೆ ನೇಪಾಳದ ಮಾರ್ಗದರ್ಶಿಗಳು ಮತ್ತು ಹೊರೆಯಾಳುಗಳೂ ಅವರಲ್ಲಿದ್ದರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದ ಸುದ್ದಿ ಕಿವಿಗೆ ಬಿದ್ದರೆ ಮನಾಂಗ್‌ನಲ್ಲೇ ನಿಲ್ಲಬೇಕೆಂಬುದು ಅಂದಿನಿಂದ ಕಲಿಯಬೇಕಾದ ಪಾಠ. ನಮ್ಮ ಕರಾವಳಿಯ ಹವಾಮಾನ ವರದಿಗೂ ಐದು ಸಾವಿರ ಮೀಟರಿನ ಕಂಡಿಗೂ ಸಂಬಂಧವಿದೆ.

ಕಾಗದಪತ್ರ, ಮಾರ್ಗದರ್ಶಿ, ವಿಮೆ

ಭಾರತೀಯರಿಗೆ ನೇಪಾಳದ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಒಯ್ಯಲೇಬೇಕು. ಆಧಾರ್ ಕಾರ್ಡ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿಂದಲೇ ಹಿಂತಿರುಗಬೇಕಾದೀತು. ಇವೆರಡರಲ್ಲಿ ಪಾಸ್‌ಪೋರ್ಟ್ ಮೇಲು, ಏಕೆಂದರೆ ವಿಮೆ, ಪರವಾನಗಿ, ಸಿಮ್ ಎಲ್ಲಕ್ಕೂ ಅದು ಒದಗುತ್ತದೆ.

ಈ ದಾರಿಯ ಹೆಚ್ಚಿನ ಭಾಗ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ವ್ಯಾಪ್ತಿಗೆ ಸೇರಿದೆ. 1986ರಲ್ಲಿ ಆರಂಭವಾದ ಈ ಸಂರಕ್ಷಣಾ ಯೋಜನೆಯ ವ್ಯಾಪ್ತಿ 7,629 ಚದರ ಕಿಲೋಮೀಟರ್. ಇದರ ಪ್ರವೇಶ ಪರವಾನಗಿಯನ್ನು ಅಕಾಪ್ ಪರ್ಮಿಟ್ ಎನ್ನುತ್ತಾರೆ. ಸಾರ್ಕ್ ದೇಶಗಳ ಪ್ರಜೆಗಳಿಗೆ ನಿಗದಿಯಾದ ಶುಲ್ಕ 1,000 ನೇಪಾಳಿ ರೂಪಾಯಿ, ಇತರ ವಿದೇಶಿಯರಿಗೆ 3,000. ಇದರ ಜೊತೆಗೆ ಚಾರಣಿಗರ ಮಾಹಿತಿ ದಾಖಲಿಸುವ ಟಿಮ್ಸ್ ಕಾರ್ಡ್ ಇದೆ. ಎರಡನ್ನೂ ಕಠ್ಮಂಡು ಅಥವಾ ಪೋಖರಾದಲ್ಲಿ ಮಾಡಿಸಿಕೊಳ್ಳಬಹುದು. ಪಾಸ್‌ಪೋರ್ಟ್ ಅಳತೆಯ ನಾಲ್ಕಾರು ಫೋಟೋ ಜೊತೆಗಿರಲಿ. ಶುಲ್ಕಗಳು ಆಗಾಗ ಪರಿಷ್ಕೃತವಾಗುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯನ್ನು ನೋಂದಾಯಿತ ಸಂಸ್ಥೆಯ ಮೂಲಕ ಕರೆದೊಯ್ಯಬೇಕೆಂದು ನೇಪಾಳ ಪ್ರವಾಸೋದ್ಯಮ ಮಂಡಳಿ ನಿಯಮ ಮಾಡಿದೆ. ನಿಯಮದ ಪಾಲನೆ ಎಷ್ಟು ಬಿಗಿಯಾಗಿದೆ ಎಂಬ ಚರ್ಚೆಯಲ್ಲಿ ಕಾಲ ಕಳೆಯದೆ ಮಾರ್ಗದರ್ಶಿಯನ್ನು ಕರೆದುಕೊಂಡೇ ಹೋಗಿ. ದಾರಿ ತೋರಿಸುವುದು ಅವರ ಕೆಲಸದ ಸಣ್ಣ ಭಾಗ. ಯಾತ್ರಿಕರು ಕಿಕ್ಕಿರಿದ ದಿನ ಫೇದಿಯಲ್ಲಿ ಹಾಸಿಗೆ ಹಿಡಿಯುವುದು, ಎದುರಿನಿಂದ ಬರುವವರನ್ನು ನೇಪಾಳಿಯಲ್ಲಿ ಮಾತನಾಡಿಸಿ ಮೇಲಿನ ಹಿಮದ ಸ್ಥಿತಿ ತಿಳಿದುಕೊಳ್ಳುವುದು, ನಿಮ್ಮ ನಡಿಗೆ ತೂರಾಡುತ್ತಿದೆ ಎಂದು ನಿಮಗಿಂತ ಮೊದಲೇ ಗುರುತಿಸುವುದು ದೊಡ್ಡ ಭಾಗ. ಅವರಲ್ಲಿ ಹೆಚ್ಚಿನವರಿಗೆ ಹಿಂದಿ ಅರ್ಥವಾಗುವುದರಿಂದ ಮಾತಿನ ತೊಡಕು ಕಡಿಮೆ.

ಹೊರೆಯಾಳುವನ್ನು ಗೊತ್ತುಮಾಡಿಕೊಳ್ಳುವಾಗ ಕೂಲಿಯಷ್ಟೇ ಮಾತನಾಡಿ ಮುಗಿಸಬಾರದು. ಅವರಿಗೆ ವಿಮೆಯಿದೆಯೇ, ಕಂಡಿ ದಾಟಲು ಬೇಕಾದ ಬೂಟು, ಕೈಗವಸು, ಬೆಚ್ಚನೆಯ ಅಂಗಿ ಇದೆಯೇ ಎಂದು ಸಂಸ್ಥೆಯವರನ್ನು ಕೇಳಿ, ಇಲ್ಲದಿದ್ದರೆ ಹೊರಡುವ ಮೊದಲೇ ಒದಗಿಸಬೇಕು. ಇಬ್ಬರು ಚಾರಣಿಗರ ಸಾಮಾನಿಗೆ ಒಬ್ಬ ಹೊರೆಯಾಳು ಎಂಬ ಲೆಕ್ಕವಿದ್ದರೆ ಒಟ್ಟು ಹೊರೆ 20 ಕಿಲೋ ದಾಟದಂತೆ ನೋಡಿಕೊಳ್ಳುವುದು ಮರ್ಯಾದೆ.

ವಿಮೆಯ ಪತ್ರದಲ್ಲಿ ಓದಬೇಕಾದದ್ದು ಒಂದೇ ಸಾಲು: ಎಷ್ಟು ಎತ್ತರದವರೆಗಿನ ಚಾರಣಕ್ಕೆ ಅದು ಅನ್ವಯಿಸುತ್ತದೆ ಎಂಬುದು. ಮಾಮೂಲು ಪ್ರವಾಸ ವಿಮೆಗಳಲ್ಲಿ ಈ ಮಿತಿ ಬಹಳ ತಗ್ಗಿನಲ್ಲಿರುತ್ತದೆ, ಇಲ್ಲವೇ ಚಾರಣವನ್ನೇ ಹೊರಗಿಟ್ಟಿರುತ್ತಾರೆ. 6,000 ಮೀಟರಿನವರೆಗೆ, ಹೆಲಿಕಾಪ್ಟರ್ ರಕ್ಷಣೆಯನ್ನೂ ಒಳಗೊಂಡ ವಿಮೆ ಬೇಕು. ಅನಗತ್ಯವಾಗಿ ಹೆಲಿಕಾಪ್ಟರ್ ಕರೆಸಿ ವಿಮಾ ಹಣ ಎತ್ತುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಆದ್ದರಿಂದ ಸಣ್ಣ ತಲೆನೋವಿಗೇ ಹೆಲಿಕಾಪ್ಟರ್ ಎಂದು ಯಾರಾದರೂ ಅವಸರಪಡಿಸಿದರೆ, ವಿಮಾ ಕಂಪನಿಯ ತುರ್ತು ಸಂಖ್ಯೆಗೆ ನೀವೇ ಕರೆ ಮಾಡಿ ಮಾತನಾಡಬೇಕು.

ದೇಹವನ್ನು ಅಣಿಗೊಳಿಸುವುದು

ಹೊರಡುವ ಮೂರು ತಿಂಗಳ ಮುಂಚೆ ಅಭ್ಯಾಸ ಆರಂಭವಾಗಬೇಕು. ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ ಬಿರುಸಿನ ನಡಿಗೆ ಅಥವಾ ಓಟ, ಎರಡು ದಿನ ಮೆಟ್ಟಿಲು ಹತ್ತಿಳಿಯುವುದು, ವಾರದ ಕೊನೆಗೊಂದು ಉದ್ದನೆಯ ನಡಿಗೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಬೆಂಗಳೂರಿನವರಿಗೆ ನಂದಿಬೆಟ್ಟದ ಮೆಟ್ಟಿಲುಗಳು, ಅದೂ ಆಗದಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು. ಕಡೆಯ ತಿಂಗಳು ಎಂಟು ಕಿಲೋ ತುಂಬಿದ ಬೆನ್ನುಚೀಲ ಹೊತ್ತು, ಚಾರಣಕ್ಕೆ ತೊಡುವ ಬೂಟನ್ನೇ ಹಾಕಿಕೊಂಡು ನಡೆಯಬೇಕು. ಕುಕ್ಕೆಯಿಂದ 1,712 ಮೀಟರಿನ ಕುಮಾರಪರ್ವತಕ್ಕೆ ಹತ್ತಿಳಿಯುವುದು ಕರ್ನಾಟಕದಲ್ಲಿ ಸಿಗುವ ಅತ್ಯುತ್ತಮ ಪರೀಕ್ಷೆ. ಅದಕ್ಕೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಅಲ್ಲಿ ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ: ಮೊಣಕಾಲು ಅಲ್ಲೇ ನೊಂದರೆ, ಥೊರಾಂಗ್ ಲಾದಿಂದ ಮುಕ್ತಿನಾಥಕ್ಕೆ 1,600 ಮೀಟರ್ ಒಂದೇ ಸಮ ಇಳಿಯುವಾಗ ಏನಾಗುವುದೆಂದು ಊಹಿಸಿಕೊಳ್ಳಬಹುದು.

ಆದರೆ ಕರ್ನಾಟಕದ ಯಾವ ಬೆಟ್ಟವೂ ಎತ್ತರದ ಅಭ್ಯಾಸವನ್ನು ಕೊಡಲಾರದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅನ್ನಪೂರ್ಣದ ದಾರಿಯಲ್ಲಿ ನಮ್ಮ ಮೊದಲ ರಾತ್ರಿಯ ಧಾರಾಪಾನಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಮ್ಯಾರಥಾನ್ ಓಡುವವರಿಗೂ ಎತ್ತರದ ಕಾಯಿಲೆ ಬರುತ್ತದೆ. ಒಂದರ್ಥದಲ್ಲಿ ಅವರಿಗೇ ಅಪಾಯ ಹೆಚ್ಚು, ಏಕೆಂದರೆ ಅವರ ಕಾಲುಗಳು ಅವರನ್ನು ಬೇಗ ಮೇಲಕ್ಕೆ ಒಯ್ದುಬಿಡುತ್ತವೆ.

ಎತ್ತರದ ಕಾಯಿಲೆಯನ್ನು ಗುರುತಿಸುವುದು

ತಲೆನೋವು, ಹಸಿವಿಲ್ಲದಿರುವಿಕೆ, ವಾಕರಿಕೆ, ಸುಸ್ತು, ನಿದ್ದೆಗೇಡು: ಇವು ಆರಂಭದ ಲಕ್ಷಣಗಳು. 3,000 ಮೀಟರಿನ ಮೇಲೆ ಕಾಣಿಸಿಕೊಂಡ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ್ದೇ ಎಂದು ತಿಳಿಯಬೇಕು. ಬಿಸಿಲಿನದೆಂದೋ ಪಿತ್ತದ್ದೆಂದೋ ಸಮಾಧಾನ ಹೇಳಿಕೊಳ್ಳುವುದು ನಮ್ಮ ಹಳೆಯ ಚಾಳಿ. ಲಕ್ಷಣಗಳಿರುವಾಗ ಮತ್ತೆ ಮೇಲೇರಿ ಮಲಗಬಾರದು. ಇದ್ದಲ್ಲೇ ಇದ್ದು ಒಂದು ದಿನ ಕಾಯಬೇಕು, ಹೆಚ್ಚಾದರೆ ಇಳಿಯಬೇಕು. ಇದಕ್ಕಾಗಿಯೇ ಆ ಎರಡು ಮೀಸಲು ದಿನಗಳು.

ಎರಡು ಸ್ಥಿತಿಗಳು ಮಾತ್ರ ಕಾಯುವಂಥವಲ್ಲ. ಮಿದುಳು ಊದಿಕೊಂಡಾಗ ಮನುಷ್ಯ ಕುಡಿದವನಂತೆ ತೂರಾಡುತ್ತಾನೆ, ಮಾತು ಗೊಂದಲವಾಗುತ್ತದೆ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳುಗಳಿಗೆ ತಾಗಿಸುತ್ತ ನೆಟ್ಟಗೆ ಹತ್ತು ಹೆಜ್ಜೆ ನಡೆಯಲು ಹೇಳಿ ನೋಡಿದರೆ ತಿಳಿಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದಾಗ, ಸುಮ್ಮನೆ ಕೂತಿದ್ದರೂ ಏದುಸಿರು ಬರುತ್ತದೆ, ಕೆಮ್ಮು ಹೆಚ್ಚಿ ಕೊನೆಗೆ ನಸುಗೆಂಪು ನೊರೆಯ ಕಫ ಬರಬಹುದು. ಇವೆರಡರಲ್ಲಿ ಯಾವುದು ಕಂಡರೂ ರಾತ್ರಿಯಾಗಿದ್ದರೂ ಇಳಿಸಲೇಬೇಕು, ರೋಗಿಯನ್ನು ಒಬ್ಬಂಟಿಯಾಗಿ ಕಳಿಸಬಾರದು.

ಅಸೆಟಜೋಲಮೈಡ್ ಎಂಬ ಮಾತ್ರೆ (ಡಯಮಾಕ್ಸ್ ಎಂಬ ಹೆಸರಿನಲ್ಲಿ ಪರಿಚಿತ) ದೇಹ ಎತ್ತರಕ್ಕೆ ಒಗ್ಗುವುದನ್ನು ಚುರುಕುಗೊಳಿಸುತ್ತದೆ. ಮುನ್ನೆಚ್ಚರಿಕೆಗೆ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಡುತ್ತಾರೆ. ಬೆರಳ ತುದಿ ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಸಹಜ ಪರಿಣಾಮ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡ ಅಥವಾ ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ತಮ್ಮ ವೈದ್ಯರ ಜೊತೆ ಕುಳಿತು ತೀರ್ಮಾನಿಸದೆ ಇದನ್ನು ಮುಟ್ಟಬಾರದು. ಮಾತ್ರೆ ನುಂಗಿದ್ದೇವೆಂದು ರಾತ್ರಿಗಳ ಲೆಕ್ಕವನ್ನು ಮುರಿಯುವ ಹಾಗಿಲ್ಲ. ನಿದ್ದೆಮಾತ್ರೆ ಮತ್ತು ಮದ್ಯ ಎರಡನ್ನೂ ಕಂಡಿ ದಾಟುವವರೆಗೆ ದೂರವಿಡಬೇಕು. ಕಂಡಿಯಾಚೆ ಸಿಗುವ ಮಾರ್ಫಾ ಊರಿನ ಸೇಬಿನ ಬ್ರಾಂಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ನಡೆಸುವ ಚಿಕಿತ್ಸಾಲಯ ಚಾರಣದ ಎರಡೂ ಋತುಗಳಲ್ಲಿ ತೆರೆದಿರುತ್ತದೆ. ವೈದ್ಯರು ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆಯ ಕುರಿತು ಉಪನ್ಯಾಸ ಕೊಡುತ್ತಾರೆ. ವಿಶ್ರಾಂತಿಯ ದಿನ ಬೆಳಿಗ್ಗೆ ಗಂಗಾಪೂರ್ಣ ಹಿಮನದಿಯ ಕಡೆಗೋ, ಕಸುವಿದ್ದರೆ 4,600 ಮೀಟರಿನ ಐಸ್ ಲೇಕ್‌ಗೋ ಹತ್ತಿ ಇಳಿದು, ಮಧ್ಯಾಹ್ನ ಆ ಉಪನ್ಯಾಸಕ್ಕೆ ಹೋಗಿ ಕುಳಿತರೆ ಆ ದಿನದ ಸಂಪೂರ್ಣ ಉಪಯೋಗವಾದಂತೆ. 4,919 ಮೀಟರಿನ ತಿಲಿಚೋ ಸರೋವರವನ್ನು ಸೇರಿಸಬೇಕೆಂದರೆ ಪ್ರತ್ಯೇಕವಾಗಿ ಮೂರು ದಿನ ಬೇಕು. ಮೀಸಲು ದಿನಗಳನ್ನು ಅದಕ್ಕೆ ಖರ್ಚು ಮಾಡಬಾರದು.

ಚೀಲದಲ್ಲಿ ಏನು

ಟೀ ಹೌಸ್ ಎಂದು ಕರೆಯುವ ವಸತಿಮನೆಗಳು ದಾರಿಯುದ್ದಕ್ಕೂ ಇರುವುದರಿಂದ ಡೇರೆಯಾಗಲಿ ಪಾತ್ರೆಪಗಡಿಯಾಗಲಿ ಬೇಡ. ನೀವೇ ಹೊರುವುದಾದರೆ ಒಟ್ಟು ತೂಕ ಒಂಬತ್ತು ಕಿಲೋದೊಳಗೆ ಇರಲಿ. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ಕೊರೆಯುತ್ತದೆ, ಆದ್ದರಿಂದ ಮೈಗೆ ತಾಗುವ ಬಟ್ಟೆ ಬೇಗ ಒಣಗುವ ಸಿಂಥೆಟಿಕ್ ಅಥವಾ ಮೆರಿನೋ ಉಣ್ಣೆಯದಾಗಿರಬೇಕು. ಅದರ ಮೇಲೊಂದು ಫ್ಲೀಸ್, ಅದರ ಮೇಲೊಂದು ಡೌನ್ ಜಾಕೆಟ್, ಎಲ್ಲದರ ಮೇಲೆ ಗಾಳಿ-ಮಳೆ ತಡೆಯುವ ತೆಳುವಾದ ಹೊದಿಕೆ. ನಮ್ಮ ಮನೆಗಳ ಮಂಕಿ ಕ್ಯಾಪ್ ಫೋಟೋದಲ್ಲಿ ಚಂದ ಕಾಣದಿದ್ದರೂ ಬೆಳಗಿನ ನಾಲ್ಕು ಗಂಟೆಗೆ ಫೇದಿಯಲ್ಲಿ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ದಪ್ಪ ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗನ್ನು ಕಠ್ಮಂಡುವಿನ ಥಮೇಲ್ ಅಥವಾ ಪೋಖರಾದ ಲೇಕ್‌ಸೈಡ್‌ನಲ್ಲಿ ಬಾಡಿಗೆಗೆ ಪಡೆಯಬಹುದು; ಬೂಟನ್ನು ಮಾತ್ರ ಎಂದೂ ಬಾಡಿಗೆಗಾಗಲಿ ಕೊನೆ ಗಳಿಗೆಯಲ್ಲಾಗಲಿ ಕೊಳ್ಳಬಾರದು. ದಪ್ಪ ಕಾಲುಚೀಲ ಹಾಕಿ ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದಕ್ಕೆ ತಾಗದಷ್ಟು ದೊಡ್ಡದಾಗಿದ್ದು, ಊರಲ್ಲೇ ನೂರು ಕಿಲೋಮೀಟರಾದರೂ ನಡೆದು ಪಳಗಿದ ಬೂಟು ಬೇಕು. ಹಿಮದ ಮೇಲೆ ಜಾರದಂತೆ ಬೂಟಿನ ಅಡಿಗೆ ತೊಡಿಸುವ ಮೈಕ್ರೋಸ್ಪೈಕ್, ಹಿಮದ ಪ್ರತಿಫಲನದಿಂದ ಕಣ್ಣು ಕಾಯುವ ಅತಿನೇರಳೆ ತಡೆಯ ಕನ್ನಡಕ, ಹಣೆಗೆ ಕಟ್ಟುವ ದೀಪ, ಎರಡು ಊರುಗೋಲುಗಳು ಬಿಡಲಾಗದವು.

ನೀರು ದಿನಕ್ಕೆ ಮೂರರಿಂದ ನಾಲ್ಕು ಲೀಟರ್. ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಬದಲು ಕ್ಲೋರಿನ್ ಮಾತ್ರೆ ಹಾಕಿಕೊಂಡೋ, ಸಂರಕ್ಷಣಾ ಯೋಜನೆ ಹಲವು ಹಳ್ಳಿಗಳಲ್ಲಿ ತೆರೆದಿರುವ ಶುದ್ಧ ನೀರಿನ ಕೇಂದ್ರಗಳಲ್ಲಿ ತುಂಬಿಸಿಕೊಂಡೋ ಕುಡಿಯಬೇಕು. ಓಆರ್‌ಎಸ್ ಪೊಟ್ಟಣಗಳನ್ನು ಧಾರಾಳವಾಗಿ ಒಯ್ಯಿರಿ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುವುದರಿಂದ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಬೇಕು. ಬೆಟ್ಟದ ಮೇಲೆ ನೇಪಾಳ ಟೆಲಿಕಾಂನ ಸಿಮ್‌ಗೆ ಹೆಚ್ಚು ಕಡೆ ಸಿಗ್ನಲ್ ಸಿಗುತ್ತದೆ. ನೇಪಾಳದ ಸಮಯಕ್ಕೆ ಸರಿಯಾಗಿ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡುವುದನ್ನೂ ಮರೆಯಬೇಡಿ.

ಊಟ ಮತ್ತು ದುಡ್ಡು

ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಚಿಂತೆಯಿಲ್ಲ. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿಯ ದಾಲ್-ಭಾತ್ ಎಲ್ಲೆಡೆ ಸಿಗುತ್ತದೆ. ಸಾಕೆನ್ನುವವರೆಗೆ ಮತ್ತೆ ಮತ್ತೆ ಬಡಿಸುವ ಊಟ ಅದೊಂದೇ. ಎತ್ತರಕ್ಕೆ ಹೋದಂತೆ ನಾಲಿಗೆ ರುಚಿ ಕಳೆದುಕೊಳ್ಳುತ್ತದೆ, ಹಸಿವೂ ಸಾಯುತ್ತದೆ. ಆಗ ಒಂದು ಚಮಚ ಶೇಂಗಾ ಚಟ್ನಿಪುಡಿ ಮಾಡುವ ಉಪಕಾರ ಯಾವ ವಿದೇಶಿ ಶಕ್ತಿಗಟ್ಟಿಯೂ ಮಾಡಲಾರದು. ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ, ಹುರಿಗಡಲೆ, ಒಣದ್ರಾಕ್ಷಿ ಎಲ್ಲ ಸೇರಿ ಒಂದು ಕಿಲೋ ಮೀರದಂತೆ ಒಯ್ಯಿರಿ. ಕೊಠಡಿಯ ಬಾಡಿಗೆ ಕಡಿಮೆಯಿದ್ದು, ರಾತ್ರಿಯೂಟ ಮತ್ತು ಬೆಳಗಿನ ತಿಂಡಿಯನ್ನು ಅದೇ ಮನೆಯಲ್ಲಿ ಮಾಡಬೇಕೆಂಬುದು ಅಲ್ಲಿಯ ಪದ್ಧತಿ. ಸಾಮಾನೆಲ್ಲ ಕೆಳಗಿನಿಂದ ಹೊತ್ತು ತಂದದ್ದಾದ್ದರಿಂದ ಎತ್ತರ ಏರಿದಂತೆ ಬೆಲೆಯೂ ಏರುತ್ತದೆ. ಫೋನ್ ಚಾರ್ಜಿಗೆ, ಬಿಸಿನೀರಿಗೆ ಬೇರೆಯೇ ಹಣ ಕೇಳುತ್ತಾರೆ.

ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬುದು ಬಹುಕಾಲದಿಂದ ಸ್ಥಿರವಾಗಿರುವ ದರ. ಬೆಲೆ ಕೇಳುವಾಗ ‘ಐಸಿಯೋ ಎನ್‌ಸಿಯೋ’, ಅಂದರೆ ಭಾರತದ ರೂಪಾಯಿಯೋ ನೇಪಾಳದ್ದೋ ಎಂದು ಕೇಳಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ. ನಂಬಬಹುದಾದ ಎಟಿಎಂ ಬೇಸಿಸಹರ್ ಬಿಟ್ಟರೆ ಮತ್ತೆ ಸಿಗುವುದು ಕಂಡಿಯಾಚೆಯ ಜೋಮ್‌ಸೋಮ್‌ನಲ್ಲೇ. ನಡುವಿನ ದಿನಗಳ ಹಣದ ಜೊತೆಗೆ ಮೀಸಲು ದಿನಗಳದ್ದೂ, ಅವಸರದಲ್ಲಿ ಜೀಪು ಗೊತ್ತುಮಾಡಿ ಕೆಳಗಿಳಿಯಬೇಕಾದರೆ ಬೇಕಾಗುವ ಹಣವೂ ನೇಪಾಳಿ ನೋಟುಗಳಲ್ಲಿ ಕೈಯಲ್ಲಿರಬೇಕು.

ಕಂಡಿ ದಾಟುವ ದಿನ

ಫೇದಿಯಿಂದ ಬೆಳಿಗ್ಗೆ ನಾಲ್ಕರಿಂದ ಐದರೊಳಗೆ ಹೊರಡುತ್ತಾರೆ, ಏಕೆಂದರೆ ಹೊತ್ತೇರಿದಂತೆ ಕಂಡಿಯಲ್ಲಿ ಗಾಳಿ ಬಿರುಸಾಗುತ್ತದೆ. ಹತ್ತು ಗಂಟೆಯೊಳಗೆ ಮೇಲೆ ತಲುಪಿ ಇಳಿಯತೊಡಗಿದರೆ ಒಳ್ಳೆಯದು. ಫೇದಿಯ ಮೇಲೆ ಸುಮಾರು 4,880 ಮೀಟರಿನಲ್ಲಿ ಹೈ ಕ್ಯಾಂಪ್ ಇದೆ. ಅಲ್ಲಿ ಮಲಗಿದರೆ ಮರುದಿನದ ಏರು ಕಡಿಮೆಯಾಗುವುದು ನಿಜ, ಆದರೆ ಯಾಕ್ ಖರ್ಕಾದಿಂದ ಒಂದೇ ದಿನಕ್ಕೆ ಎಂಟುನೂರು ಮೀಟರಿಗೂ ಹೆಚ್ಚು ಏರಿದಂತಾಗಿ ಸೂತ್ರ ಮುರಿಯುತ್ತದೆ. ಹಿಂದಿನ ದಿನಗಳಲ್ಲಿ ಒಂದು ಚೂರೂ ತಲೆನೋವು ಕಾಣದವರು ಮಾತ್ರ ಅದನ್ನು ಯೋಚಿಸಬಹುದು.

ಏರುವಾಗ ಒಂದು ಹೆಜ್ಜೆಗೆ ಒಂದು ಉಸಿರಿನಂತೆ ನಡೆಯಬೇಕು, ನಿಂತು ನಿಂತು ಓಡಬಾರದು. ಕಂಡಿ ಬಂತೆಂದು ಭ್ರಮೆ ಹುಟ್ಟಿಸುವ ದಿಣ್ಣೆಗಳು ಒಂದಾದ ಮೇಲೊಂದು ಬರುತ್ತವೆ; ಪ್ರಾರ್ಥನಾ ಪತಾಕೆಗಳ ದೊಡ್ಡ ರಾಶಿ ಕಂಡ ಮೇಲಷ್ಟೇ ನಂಬಬೇಕು. ಹೊರಡುವ ಮೊದಲು ಗುಂಪಿನಲ್ಲಿ ಒಂದು ಒಪ್ಪಂದವಿರಲಿ: ಇಂತಿಷ್ಟು ಹೊತ್ತಿಗೆ ಇಂಥ ಜಾಗ ತಲುಪದಿದ್ದರೆ, ಅಥವಾ ಕಣ್ಣೆದುರಿನ ದಾರಿಗಂಬ ಕಾಣದಷ್ಟು ಹಿಮ ಕವಿದರೆ, ಯಾರೂ ವಾದಿಸದೆ ಹಿಂದಿರುಗುವುದು. ಈ ಮಾತನ್ನು ಹಿಂದಿನ ರಾತ್ರಿ ಬೆಚ್ಚಗಿನ ಒಲೆಯ ಬಳಿ ಆಡಬೇಕು. ಐದು ಸಾವಿರ ಮೀಟರಿನಲ್ಲಿ ಯಾರ ಬುದ್ಧಿಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳು, ಸ್ತೂಪಗಳು ಸಿಕ್ಕಾಗ ಅವುಗಳನ್ನು ಬಲಕ್ಕೆ ಇಟ್ಟುಕೊಂಡು ಸಾಗಬೇಕು. ಇಡೀ ಪರ್ವತಕ್ಕೆ ಅಪ್ರದಕ್ಷಿಣೆ ಬಂದರೂ ಅಲ್ಲಿ ಮಾತ್ರ ಪ್ರದಕ್ಷಿಣೆ ತಪ್ಪಬಾರದು.

ಕಂಡಿಯ ಆಚೆ

ಮೀಸಲು ದಿನ ಉಳಿದಿದ್ದರೆ ಮುಕ್ತಿನಾಥದಲ್ಲಿ ಒಂದು ಪೂರ್ತಿ ದಿನ ನಿಲ್ಲಿ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದೆಂದು ಪೂಜಿತವಾಗಿರುವ, ಬೌದ್ಧರಿಗೂ ಪವಿತ್ರವಾದ ಈ ಗುಡಿಯ ಹಿಂದೆ 108 ನೀರಿನ ಧಾರೆಗಳಿವೆ. ನಮ್ಮ ಎಷ್ಟೋ ಮನೆಗಳ ದೇವರಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ಮೂಲ ಕೆಳಗಿನ ಕಾಲಿ ಗಂಡಕಿಯೇ. ಅವು ಹಿಮಾಲಯ ಏಳುವುದಕ್ಕೂ ಮುಂಚೆ ಇಲ್ಲಿದ್ದ ಸಮುದ್ರದ ಜೀವಿಗಳ ಪಳೆಯುಳಿಕೆಗಳು. ಕೊರೆಯುವ ನೀರಿನಲ್ಲಿ 108 ಧಾರೆಗೂ ತಲೆಯೊಡ್ಡುವ ಹರಕೆಯಿದ್ದರೆ, ಕಂಡಿ ಇಳಿದ ಸಂಜೆಯೇ ಬೇಡ. ಮರುದಿನ ಬಿಸಿಲೇರಿದ ಮೇಲೆ ಮಾಡಿ.

ಅಲ್ಲಿಂದ ಕಾಗ್‌ಬೇನಿ, ಜೋಮ್‌ಸೋಮ್, ಮಾರ್ಫಾಗಳ ಕಡೆಗೆ ಇಳಿಯುವವರು ಬೆಳಗಿನ ನಡಿಗೆಯನ್ನೇ ನೆಚ್ಚಬೇಕು. 8,167 ಮೀಟರಿನ ಧೌಲಾಗಿರಿ ಮತ್ತು 8,091 ಮೀಟರಿನ ಅನ್ನಪೂರ್ಣಗಳ ನಡುವಿನ ಈ ಕಮರಿಯಲ್ಲಿ ಮಧ್ಯಾಹ್ನವಾಗುತ್ತಲೇ ದಕ್ಷಿಣದಿಂದ ಮೇಲಕ್ಕೆ ಗಾಳಿ ನುಗ್ಗುತ್ತದೆ. ಇಳಿಯುವವರ ಮುಖಕ್ಕೆ ಮರಳು ಎರಚುತ್ತದೆ. ಜೋಮ್‌ಸೋಮ್‌ನಿಂದ ಪೋಖರಾಕ್ಕೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದೂ ಇದೇ ಕಾರಣಕ್ಕೆ. ಮೋಡ ಕವಿದರೆ ಅವೂ ರದ್ದಾಗುವುದರಿಂದ, ಅಂದಿನ ವಿಮಾನವನ್ನು ನಂಬಿ ಅಂದೇ ಸಂಜೆಯ ಭಾರತದ ಟಿಕೆಟ್ ತೆಗೆಯಬಾರದು. ಕಾಗ್‌ಬೇನಿಯಿಂದ ಉತ್ತರಕ್ಕೆ ಮೇಲಿನ ಮುಸ್ತಾಂಗ್ ಆರಂಭವಾಗುತ್ತದೆ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ಮಾರ್ಫಾದಿಂದ ಕೆಳಗೆ ವಾಹನಗಳ ಓಡಾಟ ಹೆಚ್ಚಿರುವುದರಿಂದ ತಾತೋಪಾನಿಯವರೆಗೆ ಬಸ್ಸು ಹತ್ತುವುದೇ ಸರಿ. ಅಲ್ಲಿಯ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಸಡಿಲಿಸಿಕೊಂಡು, ಇನ್ನೂ ದಿನಗಳಿದ್ದರೆ 1,200 ಮೀಟರಿನಿಂದ 2,870 ಮೀಟರಿನ ಘೋಡೇಪಾನಿಗೆ ಎರಡು ದಿನಗಳಲ್ಲಿ, ನಡುವೆ ಶಿಖಾದಲ್ಲಿ ತಂಗಿ, ಏರಬಹುದು. ಬೆಳಗಿನ ಜಾವ 3,210 ಮೀಟರಿನ ಪೂನ್ ಹಿಲ್‌ಗೆ ಹತ್ತಿ ಸೂರ್ಯೋದಯ ನೋಡಿ, ಅದೇ ದಿನ ಉಲ್ಲೇರಿಯ ಕಡೆಗೆ ಇಳಿದರೆ ಜೀಪು ಸಿಗುತ್ತದೆ. ಸಂಜೆಯೊಳಗೆ ಪೋಖರಾ ತಲುಪಬಹುದು. ಬಾಡಿಗೆಗೆ ತಂದ ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗನ್ನು ಅಂಗಡಿ ಮುಚ್ಚುವ ಮೊದಲೇ ಒಪ್ಪಿಸಿ ಠೇವಣಿ ವಾಪಸು ಪಡೆಯಬೇಕು.